ಅಡ್ಡಗೆರೆ ಎಳೆದ ಸಂಖ್ಯೆ: 1943ರ ಸೋವಿಯತ್ ಸ್ನೈಪರ್ ಬಂದೂಕು ಅಸಲಿಯೇ, ಜೋಡಿಸಿದ್ದೇ?

ತುಕ್ಕುಪುರಾಣ (ಒಹಾಯೊ)

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಹಳೆಯ ಸೇನಾ ಬಂದೂಕುಗಳೆಂದರೆ ಅವರಿಗೆ ಪ್ರಾಣ. ಭಾನುವಾರ ಬೆಳಿಗ್ಗೆ ಅವರ ಗ್ಯಾರೇಜಿನಲ್ಲಿ ಎಣ್ಣೆಬಟ್ಟೆ ಹಿಡಿದು ಕುಳಿತರೆ ನನಗೂ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಈಗ ಅಜ್ಜಿ ಒಂದೊಂದಾಗಿ ಮಾರುತ್ತಿದ್ದಾರೆ. ಮೊನ್ನೆ ಕರೆದು, “ಈ ರಷ್ಯನ್ ಬಂದೂಕು ನೀನೇ ತೆಗೆದುಕೋ, ಒಂಬೈನೂರು ಡಾಲರ್ ಕೊಟ್ಟರೆ ಸಾಕು. ಆದರೆ ತಿಳಿದವರನ್ನು ಕೇಳಿಕೊಂಡು ಬಾ. ನಿನಗೂ ಮೋಸವಾಗಬಾರದು, ನನಗೂ ಆಗಬಾರದು” ಎಂದರು. ವೀಸಾದಲ್ಲಿದ್ದಷ್ಟು ದಿನ ಇಂಥದ್ದನ್ನು ಕೊಳ್ಳುವ ಮಾತೇ ಇರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಕಾನೂನಿನ ತೊಡಕಿಲ್ಲ. ತೊಡಕಿರುವುದು ನನ್ನ ತಿಳಿವಳಿಕೆಯಲ್ಲಿ.

ಚಿತ್ರ ಹಾಕಿದ್ದೇನೆ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಉದ್ದ ನನ್ನ ಟೇಪಿನಲ್ಲಿ 123 ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ನಿಲ್ಲಿಸಿದರೆ ನನ್ನ ಎದೆಯವರೆಗೆ ಬರುತ್ತದೆ. ಎಡಗಡೆ ದಪ್ಪ ಉಕ್ಕಿನ ಮೌಂಟ್, ಅದರ ಮೇಲೆ ಗೇಣುದ್ದವೂ ಇಲ್ಲದ ಮೋಟು ಸ್ಕೋಪ್. ತೋಟಾವನ್ನು ಒಳಗೆ ತಳ್ಳುವ ಬೋಲ್ಟಿನ ಹಿಡಿ ಕೆಳಕ್ಕೆ ಬಾಗಿದೆ. ನಳಿಗೆಯ ಬುಡದಲ್ಲಿ ತ್ರಿಕೋನ, ಅದರೊಳಗೆ ಬಾಣ, ಕೆಳಗೆ 1943, ಅದರ ಪಕ್ಕದಲ್ಲಿ ಇಂಗ್ಲಿಷಿನ ಸಣ್ಣ ‘ಆರ್’ನಂತಹ ಅಕ್ಷರ. ಅದೇ ಬುಡದ ಎಡಮಗ್ಗುಲಲ್ಲಿ ಒಂದು ಸಂಖ್ಯೆಯ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಇನ್ನೊಂದು ಸಂಖ್ಯೆ ಹೊಡೆದಿದ್ದಾರೆ. ಮೌಂಟಿನ ಮೇಲೂ ಅದೇ ಕತೆ. ಮರವೆಲ್ಲ ಕೆಂಪಗೆ ಹೊಳೆಯುತ್ತಿದೆ.

ಆಫೀಸಿನಲ್ಲಿ ಒಬ್ಬರು ಚಿತ್ರ ನೋಡಿದವರೇ, “ಆ ‘ಆರ್’ ಅಂದರೆ ರಿಪೇರಿ, ಗೆರೆ ಎಳೆದದ್ದು ಅಂದರೆ ತಿರಸ್ಕೃತ ಮಾಲು. ಕೈ ಬಿಡು” ಎಂದರು. ನಿಜವೇ?

ಕೋವಿಮನೆ (ಮಡಿಕೇರಿ)

ಮೊದಲು ಒಂದು ಪ್ರಶ್ನೆ. ಅದು ಖಾಲಿ ಇದೆಯೇ ಎಂದು ನೋಡಿದಿರಾ? ಚಿತ್ರದಲ್ಲಿ ಬೋಲ್ಟ್ ಮುಚ್ಚಿದೆ. ಅಜ್ಜ ಹೋದ ಮೇಲೆ ಅದನ್ನು ಯಾರು ಮುಟ್ಟಿದ್ದಾರೋ ಯಾರಿಗೆ ಗೊತ್ತು. ನಳಿಗೆಯ ಬಾಯಿ ಗೋಡೆಯ ಕಡೆಗಲ್ಲ, ಮಣ್ಣಿನ ಕಡೆಗಿರಲಿ. ಬೋಲ್ಟನ್ನು ಎತ್ತಿ ಪೂರ್ತಿ ಹಿಂದಕ್ಕೆ ಎಳೆಯಿರಿ. ಕಣ್ಣಿನಿಂದ ನೋಡಿದರೆ ಸಾಲದು, ಕಿರುಬೆರಳನ್ನು ಒಳಗೆ ಹಾಕಿ ಮುಟ್ಟಿ ನೋಡಿ. ಆಮೇಲೆ ಕೆಳಗಿನ ಮ್ಯಾಗಜೀನಿನ ಬಾಗಿಲು ತೆರೆಯಿರಿ. ಇಷ್ಟಾದ ಮೇಲೆ ಮಾತು.

ನಾನು ಸೇನೆಯ ಯಂತ್ರ ದುರಸ್ತಿ ವಿಭಾಗವಾದ ಇಎಂಇಯಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವನಾಗಿದ್ದೆ. ನಿಮ್ಮ ಚಿತ್ರದಲ್ಲಿರುವುದು ಮೊಸಿನ್, ರಷ್ಯನ್ ಸೇನೆಯ ಹಳೆಯ ಬಂದೂಕು. ಅದು ನನ್ನ ಕೈಗೆ ಬಂದಿಲ್ಲ, ಆದರೆ ಅದರ ಮೊಮ್ಮಗನೆನ್ನಬಹುದಾದ ಸ್ನೈಪರ್ ಬಂದೂಕು ಡ್ರಗುನೋವ್ ಬಂದಿದೆ. 1963ರಲ್ಲಿ ಸೋವಿಯತ್ ಸೇನೆ ಒಪ್ಪಿದ ಆ ಬಂದೂಕು ನಮ್ಮ ಪಲ್ಟನ್ನುಗಳಲ್ಲೂ ಇತ್ತು. ತಿನ್ನುವ ತೋಟಾ ಎರಡಕ್ಕೂ ಒಂದೇ: 7.62 ಗುಣಿಸು 54, ಬುಡದಲ್ಲಿ ಅಂಚು ಇರುವಂಥದ್ದು. 1891ರಲ್ಲಿ ಹುಟ್ಟಿದ ತೋಟಾ ಇಂದಿಗೂ ರಷ್ಯಾದಲ್ಲಿ ನೌಕರಿಯಲ್ಲಿದೆ. ನಾವೆಲ್ಲ ಪಿಂಚಣಿ ತೆಗೆದುಕೊಂಡೆವು, ಅದು ಇನ್ನೂ ತೆಗೆದುಕೊಂಡಿಲ್ಲ.

ಮುದ್ರೆನೋಟ (ಟೆಕ್ಸಾಸ್)

ತಮ್ಮಾ, ಆಫೀಸಿನವರ ಮಾತನ್ನು ಅಲ್ಲೇ ಬಿಟ್ಟು ಬಾ. ನನ್ನದು ಮೂಲತಃ ಹಳೆಯ ನಾಣ್ಯಗಳ ಹುಚ್ಚು. ಗಂಡನ ಬಂದೂಕಿನ ಹುಚ್ಚಿಗೆ ಮುದ್ರೆ ಓದಿಕೊಡಲು ಹೋಗಿ ಇದಕ್ಕೂ ಬಿದ್ದೆ. ಒಂದೊಂದಾಗಿ ಹೇಳುತ್ತೇನೆ.

ಆ ‘ಆರ್’ ಇಂಗ್ಲಿಷಿನದ್ದಲ್ಲ, ರಷ್ಯನ್ ಲಿಪಿಯ ‘ಗ’. ‘ಗೊದ್’ ಎಂದರೆ ಅವರಲ್ಲಿ ವರ್ಷ. ನಾವು “1943ನೇ ಇಸವಿ” ಎಂದು ಬರೆಯುವಂತೆ ಅವರು ಅಂಕಿಯ ಪಕ್ಕ ‘ಗ’ ಹಾಕುತ್ತಾರೆ. ಇದನ್ನು ರಿಪೇರಿ ಎಂದು ಓದಿದವರಲ್ಲಿ ನಿನ್ನ ಆಫೀಸಿನವರು ಮೊದಲಿಗರಲ್ಲ, ಕೊನೆಯವರೂ ಆಗಲಾರರು.

ತ್ರಿಕೋನದೊಳಗಿನ ಬಾಣ ಇಜೆವ್ಸ್ಕ್ ಕಾರ್ಖಾನೆಯದು. ಉರಲ್ ಪರ್ವತದ ಇತ್ತ ಕಡೆ, ಇಜ್ ನದಿಯ ದಂಡೆಯಲ್ಲಿ 1807ರಿಂದ ಆಯುಧ ಮಾಡುತ್ತಿದ್ದ ಊರು. ನಕ್ಷತ್ರದೊಳಗೆ ಬಾಣವಿದ್ದಿದ್ದರೆ ಅದು ತುಲಾ. 1941ರ ಅಕ್ಟೋಬರಿನಲ್ಲಿ ಜರ್ಮನರು ತುಲಾದ ಬಾಗಿಲಿಗೆ ಬಂದಾಗ ಅಲ್ಲಿನ ಯಂತ್ರಗಳನ್ನು ಕಳಚಿ ಪೂರ್ವಕ್ಕೆ ಸಾಗಿಸಿದರು. ಹಾಗಾಗಿ ನಿನ್ನ ಮಾದರಿಯ ಸ್ನೈಪರ್ ಬಂದೂಕು ಹೆಚ್ಚಾಗಿ ಸಿಗುವುದು ಇಜೆವ್ಸ್ಕಿನದೇ. ತುಲಾದ್ದು 1943–44ರವು, ಅಪರೂಪ. ಅವುಗಳ ನಳಿಗೆಯ ಬುಡದಲ್ಲಿ ಒಂದು ಜೋಡಕ್ಷರದ ಮುದ್ರೆ ಇರುತ್ತದೆ. ನಮ್ಮ ಕಣ್ಣಿಗೆ ಇಂಗ್ಲಿಷಿನ ಸಿ ಮತ್ತು ಎಚ್, ರಷ್ಯನ್ನರಿಗೆ ಸ ಮತ್ತು ನ: ಸ್ನೈಪರ್ ಎಂಬುದರ ಮೊದಲ ಎರಡು ವ್ಯಂಜನ. ಆ ಮುದ್ರೆಗೆ ಬೆಲೆ ಜಾಸ್ತಿ. ಬೆಲೆ ಜಾಸ್ತಿ ಇದ್ದ ಕಡೆ ಕಳ್ಳ ಅಚ್ಚೂ ಜಾಸ್ತಿ. ನಿನ್ನದರಲ್ಲಿ ಅದು ಇಲ್ಲದಿರುವುದು ದೋಷವಲ್ಲ.

ಈಗ ಅಡ್ಡಗೆರೆ. ಈ ಬಂದೂಕಿನ ಜಾತಕವೇ ಅಲ್ಲಿದೆ, ಸ್ವಲ್ಪ ನಿಧಾನವಾಗಿ ಓದು. ಕಾರ್ಖಾನೆಯಲ್ಲಿ ಸ್ಕೋಪನ್ನು ಒಂದು ನಿರ್ದಿಷ್ಟ ಬಂದೂಕಿಗೆ ಹೊಂದಿಸಿದ ಮೇಲೆ, ಸ್ಕೋಪಿನ ಸಂಖ್ಯೆಯನ್ನು ನಳಿಗೆಯ ಬುಡದ ಎಡಮಗ್ಗುಲಲ್ಲಿ ಹೊಡೆಯುತ್ತಿದ್ದರು. ಬಂದೂಕಿನ ಸಂಖ್ಯೆಯನ್ನು ಮೌಂಟಿನ ಮೇಲೆ ಹೊಡೆಯುತ್ತಿದ್ದರು. ಗಂಡಿನ ಹೆಸರು ಹೆಣ್ಣಿನ ಉಂಗುರದಲ್ಲಿ, ಹೆಣ್ಣಿನದು ಗಂಡಿನ ಉಂಗುರದಲ್ಲಿ ಎಂದಿಟ್ಟುಕೋ. ಯುದ್ಧದಲ್ಲಿ ಸ್ಕೋಪ್ ಒಡೆದರೆ, ಕಳೆದುಹೋದರೆ, ದುರಸ್ತಿ ಡಿಪೋ ಇನ್ನೊಂದನ್ನು ಕೂಡಿಸಿ ಹಳೆಯ ಸಂಖ್ಯೆಯ ಮೇಲೆ ಗೆರೆ ಎಳೆದು ಹೊಸದನ್ನು ಹೊಡೆಯುತ್ತಿತ್ತು. ಯುದ್ಧ ಮುಗಿದ ಮೇಲೆ ರಾಶಿರಾಶಿಯಾಗಿ ಬಂದೂಕುಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಗೋದಾಮಿಗೆ ಹಾಕಿದಾಗಲೂ ಇದೇ ಕ್ರಮ.

ಅಂದರೆ ಗೆರೆ ಎಳೆದಿರುವುದು ಬಂದೂಕಿನ ಮೇಲಲ್ಲ, ಅದರ ಮೊದಲ ಸ್ಕೋಪಿನ ಮೇಲೆ. ಈಗ ಎರಡು ವಿಷಯ ನೋಡಿ ಹೇಳು. ಕೆಳಗಿನ ಹೊಸ ಸಂಖ್ಯೆ ಈಗಿರುವ ಸ್ಕೋಪಿನ ಮೈಮೇಲಿನ ಸಂಖ್ಯೆಯೊಂದಿಗೆ ಕೂಡುತ್ತದೆಯೇ? ಮೌಂಟಿನ ಹೊಸ ಸಂಖ್ಯೆ ಬಂದೂಕಿನ ಸಂಖ್ಯೆಯೊಂದಿಗೆ ಕೂಡುತ್ತದೆಯೇ?

ತುಕ್ಕುಪುರಾಣ

ಕೋವಿಮನೆ ಸರ್, ಒಪ್ಪಿಕೊಳ್ಳುತ್ತೇನೆ, ಖಾಲಿ ಇದೆ ಎಂದುಕೊಂಡು ಚಿತ್ರ ತೆಗೆದಿದ್ದೆ. ಇಂದು ಹೋಗಿ ನೀವು ಹೇಳಿದಂತೆ ಬೆರಳು ಹಾಕಿ ನೋಡಿದೆ. ಖಾಲಿ ಇದೆ. ಬೆರಳಿಗೆ ಕಪ್ಪು ಗ್ರೀಸ್ ಮಾತ್ರ ಹತ್ತಿತು.

ಅಕ್ಕಾ, ಎರಡೂ ಕೂಡುತ್ತವೆ. ಭೂತಗನ್ನಡಿ ಹಿಡಿದು ಮೂರು ಸಲ ನೋಡಿದೆ. ಸ್ಕೋಪಿನ ಮೇಲೆ 1944 ಎಂದು ಇಸವಿಯೂ ಇದೆ. ನಳಿಗೆಯ ಬುಡದಲ್ಲಿ ಇನ್ನೊಂದು ಗುರುತು ಸಿಕ್ಕಿತು: ಪುಟ್ಟ ಚೌಕ, ಮೂಲೆಯಿಂದ ಮೂಲೆಗೆ ಒಂದು ಗೆರೆ.

ಮುದ್ರೆನೋಟ

1943ರ ಬಂದೂಕು ಕಾರ್ಖಾನೆಯಿಂದ ಹೊರಡುವಾಗ 1944ರ ಸ್ಕೋಪ್ ಹೊತ್ತಿರಲು ಆಗದು. ಗೆರೆ ಹೇಳುವುದೂ ಅದನ್ನೇ, ಇಸವಿ ಹೇಳುವುದೂ ಅದನ್ನೇ. ಆ ಚೌಕ ಯುದ್ಧಾನಂತರದ ದುರಸ್ತಿಯ ಮುದ್ರೆ. ಎಲ್ಲವೂ ಒಂದೇ ಕತೆ ಹೇಳುತ್ತಿವೆ, ಇದು ಒಳ್ಳೆಯ ಸೂಚನೆ. ನನಗೆ ಅನುಮಾನ ಬರುವುದು ಒಂದು ಗೆರೆಯೂ ಇಲ್ಲದೆ, ಎಲ್ಲ ಸಂಖ್ಯೆ ಹೊಚ್ಚ ಹೊಸದಾಗಿ ಕೂಡಿರುವ ಬಂದೂಕು ಕಂಡಾಗ. ಅಂಥವು ಇವೆ, ಆದರೆ ಸಂತೆಯಲ್ಲಿ ಮೇಜಿನ ಮೇಲೆ ಸಿಗುವಷ್ಟು ಇಲ್ಲ.

ಆದರೆ ಸಂಖ್ಯೆ ಕೂಡಿದ ಮಾತ್ರಕ್ಕೆ ಸ್ನೈಪರ್ ಆಗಿಬಿಡುವುದಿಲ್ಲ. ಸಾಮಾನ್ಯ ಪದಾತಿಗೆ ಕೊಡುತ್ತಿದ್ದ 91/30 ಮಾದರಿಯ ಮೊಸಿನ್ ಬಂದೂಕಿಗೆ ತೂತು ಕೊರೆದು, ಈಗಿನ ಕಾಲದ ನಕಲಿ ಮೌಂಟ್ ಕೂರಿಸಿ ಮಾರಿದ್ದು ಬೇಕಾದಷ್ಟಿದೆ. ಅದಕ್ಕೆ ಮೂರು ಕಡೆ ನೋಡು.

ಮೌಂಟಿನ ಬುಡ ರಿಸೀವರಿನ (ಬೋಲ್ಟ್ ಓಡಾಡುವ ಉಕ್ಕಿನ ಮೈ) ಎಡಗೋಡೆಗೆ ಎರಡು ದೊಡ್ಡ ಸ್ಕ್ರೂ ಮತ್ತು ಎರಡು ಪಿನ್ನುಗಳಿಂದ ಕೂತಿರಬೇಕು. ದೊಡ್ಡ ಸ್ಕ್ರೂ ಸಡಿಲವಾಗದಂತೆ ಪಕ್ಕದಲ್ಲಿ ಪುಟ್ಟ ಸ್ಕ್ರೂಗಳು ಕಾವಲಿರುತ್ತವೆ. ಸ್ಕ್ರೂಗಳ ಸೀಳಿನಲ್ಲಿ ಹಳೆಯ ಬಣ್ಣ, ಹಳೆಯ ಗ್ರೀಸ್ ಇದೆಯೋ, ಮೊನ್ನೆ ತಿರುಗಿಸಿದ ಬಿಳಿ ಗೀರು ಇದೆಯೋ ನೋಡು.

ಎರಡನೆಯದು ಮರ. ಮೌಂಟಿಗೆ ಜಾಗ ಬಿಡಲು ಎಡಗಡೆ ಮರವನ್ನು ಕಚ್ಚು ತೆಗೆದಿರುತ್ತಾರೆ. ಆ ಕಚ್ಚಿನ ಒಳ ಅಂಚು ಉಳಿದ ಮರದಷ್ಟೇ ಹಳೆಯದಾಗಿರಬೇಕು. ಒಳಗೆ ಬಿಳಿ ಮರ ಇಣುಕಿದರೆ ಕತ್ತರಿಸಿದ್ದು ನಿನ್ನೆ.

ಮೂರನೆಯದು ಬೋಲ್ಟಿನ ಹಿಡಿ. ಪದಾತಿಯ ಬಂದೂಕಿನ ನೇರ, ಮೋಟು ಹಿಡಿ ಎತ್ತಿದರೆ ಸ್ಕೋಪಿಗೆ ಬಡಿಯುತ್ತದೆ, ಅದಕ್ಕಾಗಿಯೇ ಸ್ನೈಪರಿಗೆ ಉದ್ದ, ಬಾಗಿದ ಹಿಡಿ. ನಕಲಿ ಮಾಡುವವರು ಹಳೆಯ ಹಿಡಿ ಕತ್ತರಿಸಿ ಹೊಸದನ್ನು ಬೆಸೆಯುತ್ತಾರೆ. ಬುಡದಲ್ಲಿ ಬೆಸುಗೆಯ ಉಬ್ಬು ಕೈಗೆ ಸಿಗುತ್ತದೆ.

ಇದರ ತಿರುವುಮುರುವೂ ಉಂಟು. ಸ್ಕೋಪ್ ಕಳೆದುಕೊಂಡ ಎಷ್ಟೋ ಸ್ನೈಪರುಗಳ ತೂತುಗಳನ್ನು ಸೋವಿಯತ್ ಡಿಪೋಗಳೇ ಮುಚ್ಚಿ ಪದಾತಿಗೆ ಕೊಟ್ಟವು. ನಮ್ಮ ಮನೆಯಲ್ಲಿ ಅಂಥದ್ದೊಂದಿದೆ. ಗಂಡ ಅದನ್ನು ಸಾಮಾನ್ಯ ಬಂದೂಕು ಎಂದೇ ತಂದಿದ್ದರು. ಒಂದು ಸಂಜೆ ರಿಸೀವರಿನ ಒಳಗೋಡೆಗೆ ಟಾರ್ಚ್ ಓರೆಯಾಗಿ ಹಿಡಿದಾಗ ಎರಡು ದುಂಡನೆಯ ನೆರಳು ಕಂಡಿತು. ಅವತ್ತು ಊಟ ತಣ್ಣಗಾಯಿತು.

ಧಾರವಾಡದ ಓದುಗ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಎರಡನೆಯ ಮಹಾಯುದ್ಧದ ಬಗ್ಗೆ ಓದುವ ಚಟ ನನ್ನದು. ಹೆಸರುವಾಸಿ ಸೋವಿಯತ್ ಸ್ನೈಪರುಗಳಾದ ಸ್ಟಾಲಿನ್‌ಗ್ರಾಡಿನ ಜೈತ್ಸೆವ್, ಸೆವಾಸ್ತೊಪೋಲಿನ ಪಾವ್ಲಿಚೆಂಕೊ ಬಳಸಿದ್ದು ಇದೇ ಬಂದೂಕೇ?

ಮುದ್ರೆನೋಟ

ಜೈತ್ಸೆವ್ ಬಗ್ಗೆ ಹೌದು, ಮೊಸಿನ್ ಸ್ನೈಪರ್. 1942ರ ನವೆಂಬರ್ 10ರಿಂದ ಡಿಸೆಂಬರ್ 17ರ ನಡುವೆ 225 ಶತ್ರುಗಳನ್ನು ಹೊಡೆದ ಲೆಕ್ಕ ಅವರ ಹೆಸರಿನಲ್ಲಿದೆ. ಅವರ ಬಂದೂಕು ವೋಲ್ಗೊಗ್ರಾಡಿನ ವಸ್ತುಸಂಗ್ರಹಾಲಯದಲ್ಲಿದೆ.

ಪಾವ್ಲಿಚೆಂಕೊ ವಿಷಯದಲ್ಲಿ ಇಸವಿ ನೋಡಿ. ಆಕೆ ಗಾಯಗೊಂಡು ಸೆವಾಸ್ತೊಪೋಲಿನಿಂದ ಹೊರಬಂದದ್ದು 1942ರ ಜೂನ್. ಅದೇ ವರ್ಷ ಅಮೆರಿಕಕ್ಕೂ ಬಂದರು, ಶ್ವೇತಭವನಕ್ಕೂ ಹೋದರು. ಮೊಸಿನ್ ಬಂದೂಕಿನ ಮೇಲೆ ಪಿಯು ಎಂಬ ಈ ಮೋಟು ಸ್ಕೋಪ್ ಕೂರಿಸಲು ಆರಂಭಿಸಿದ್ದೂ 1942ರಲ್ಲೇ. 309 ಎಂಬ ಅವರ ಲೆಕ್ಕವೆಲ್ಲ ಒಡೆಸ್ಸಾ ಮತ್ತು ಸೆವಾಸ್ತೊಪೋಲಿನದು. ಆ ಕಾಲದ ಮೊಸಿನ್ ಸ್ನೈಪರ್ ಎಂದರೆ ಪಿಯುಗಿಂತ ಹಳೆಯದಾದ ಪಿಇ ಅಥವಾ ಪಿಇಎಂ ಸ್ಕೋಪಿನದು. ಪ್ರಸಿದ್ಧ ಚಿತ್ರಗಳಲ್ಲಿ ಅವರ ಕೈಯಲ್ಲಿರುವುದು ಎಸ್‌ವಿಟಿ-40 ಎಂಬ ಬೇರೆ ಬಂದೂಕು. ಪಿಯು ಮೊಸಿನ್ ಹಿಡಿಸಿ ಬಿಡಿಸುವ ಈಗಿನ ಚಿತ್ರಕಾರರಿಗೆ ಇಸವಿಯ ಹಂಗಿಲ್ಲ.

ಪಿಯು ಹುಟ್ಟಿದ್ದೂ ಮೊಸಿನ್‌ಗಾಗಿ ಅಲ್ಲ, ಆ ಎಸ್‌ವಿಟಿ-40ಕ್ಕಾಗಿ, 1940ರಲ್ಲಿ. ತಾನೇ ತೋಟಾ ತುಂಬಿಕೊಳ್ಳುವ ಆ ಬಂದೂಕೇ ಮುಂದಿನ ಸ್ನೈಪರ್ ಎಂದು ಲೆಕ್ಕ ಹಾಕಿ, ಹಳೆಯ ಮೊಸಿನ್ ಸ್ನೈಪರುಗಳನ್ನು ಬದಿಗಿಟ್ಟರು. ಆದರೆ ಗುರಿಯ ನಿಖರತೆ ಸಾಲಲಿಲ್ಲ. ಯುದ್ಧ ತಲೆಯ ಮೇಲಿತ್ತು. ಹೊಸ ಬಂದೂಕಿಗೆಂದು ಮಾಡಿದ ಮೋಟು ಸ್ಕೋಪನ್ನು ತಂದು ಹಳೆಯ ಬಂದೂಕಿನ ಮಗ್ಗುಲಿಗೆ ಕೂರಿಸಿದರು. ಮಗನಿಗೆ ಹೊಲಿಸಿದ ಅಂಗಿಯನ್ನು ಅಪ್ಪನಿಗೆ ತೊಡಿಸಿದ ಹಾಗೆ. ಸರಿಯಾಗಿ ಕೂತುಬಿಟ್ಟಿತು! ಇಜೆವ್ಸ್ಕ್ ಯುದ್ಧ ಮುಗಿದು ಹತ್ತು ವರ್ಷದ ನಂತರವೂ ಇದನ್ನು ಮಾಡುತ್ತಿತ್ತು.

ಒಂದೇ ನಷ್ಟ: ಸ್ಕೋಪ್ ಮೇಲೆ ಕೂತದ್ದರಿಂದ ಐದು ತೋಟಾಗಳ ಪಟ್ಟಿಯನ್ನು ಒಮ್ಮೆಗೆ ಒತ್ತಿ ತುಂಬಲು ಆಗದು. ಒಂದೊಂದೇ ಹಾಕಬೇಕು.

ಮಸೂರ (ಮೈಸೂರು)

ಬಂದೂಕು ನನಗೆ ಗೊತ್ತಿಲ್ಲ, ಗಾಜು ಗೊತ್ತು. ಮೂವತ್ತು ವರ್ಷದಿಂದ ಹಳೆಯ ಕ್ಯಾಮೆರಾ, ಬೈನಾಕ್ಯುಲರ್ ರಿಪೇರಿ ಮಾಡುತ್ತಿದ್ದೇನೆ. ಸೋವಿಯತ್ ಜೆನಿತ್ ಕ್ಯಾಮೆರಾ, ಹೀಲಿಯೋಸ್ ಲೆನ್ಸ್ ನೂರಾರು ಕೈ ದಾಟಿವೆ. ಆ ಸ್ಕೋಪಿನ ಒಳಗೆ ಏನು ಕಾಣುತ್ತದೆ ಎಂದು ಯಾರೂ ಕೇಳಲೇ ಇಲ್ಲವಲ್ಲ!

ಹಗಲು ಕಿಟಕಿಯ ಕಡೆ ಹಿಡಿದು ನೋಡಿ, ಸೂರ್ಯನ ಕಡೆ ಮಾತ್ರ ಬೇಡ. ಮೊದಲು ಕಣ್ಣಿನ ತುದಿಯಿಂದ, ಆಮೇಲೆ ಎದುರು ತುದಿಯಿಂದ. ಜೇಡರ ಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಬೂಷ್ಟು. ಅದು ಗಾಜಿನ ಲೇಪವನ್ನೇ ಅಲ್ಲ, ಕೊನೆಗೆ ಗಾಜನ್ನೂ ತಿನ್ನುತ್ತದೆ. ಎಲ್ಲ ಕಡೆ ಸಮನಾಗಿ ಹಾಲಿನ ಮಬ್ಬಿದ್ದರೆ ಒಳಗಿನ ಗ್ರೀಸ್ ಆವಿಯಾಗಿ ಕೂತದ್ದು, ಅದನ್ನು ತೆಗೆಯಬಹುದು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಅಥವಾ ಹಳದಿ ಮುರುಕು ಕಂಡರೆ ಎರಡು ಗಾಜನ್ನು ಅಂಟಿಸಿದ್ದ ಬಾಲ್ಸಮ್ ಬಿಡುತ್ತಿದೆ ಎಂದರ್ಥ. ಆಗಿನ ಕಾಲದಲ್ಲಿ ಮಸೂರ ಅಂಟಿಸಲು ಮರದ ಅಂಟನ್ನೇ ಬಳಸುತ್ತಿದ್ದರು. ಎಂಬತ್ತು ವರ್ಷದ ಮೇಲೆ ಅದು ಬಿಟ್ಟರೆ ಅದರ ತಪ್ಪಲ್ಲ.

ಒಳಗೆ ಗುರಿಯ ಗುರುತು ಹೇಗಿದೆ?

ತುಕ್ಕುಪುರಾಣ

ಕೆಳಗಿನಿಂದ ಮೇಲಕ್ಕೆ ಒಂದು ಚೂಪಾದ ಗೂಟ, ಎಡಬಲದಿಂದ ಎರಡು ಅಡ್ಡಗೆರೆ, ನಡುವೆ ಜಾಗ. ಗಾಜು ಸ್ವಲ್ಪ ಹಳದಿ ಛಾಯೆ, ಬಲೆ ಇಲ್ಲ. ಆದರೆ ಒಂದು ಭಯ. ಗೂಟ ನಡುವಿನಲ್ಲಿಲ್ಲ! ಎಡಕ್ಕೆ, ಕೆಳಕ್ಕೆ ಸರಿದಿದೆ. ಮೇಲಿನ ತಿರುಗಣೆ ತಿರುಗಿಸಿದರೆ ಇಡೀ ಗುರುತೇ ಮೇಲೆ ಕೆಳಗೆ ಓಡಾಡುತ್ತದೆ. ಒಳಗೆ ಏನೋ ಮುರಿದಿದೆಯೇ?

ಮಸೂರ

ರಚನೆಯ ಚಿತ್ರ ಹುಡುಕಿ ನೋಡಿದೆ. ಮುರಿದಿಲ್ಲ. ಈಗಿನ ಸ್ಕೋಪುಗಳಲ್ಲಿ ಎಷ್ಟು ತಿರುಗಿಸಿದರೂ ಗುರುತು ನಡುವಿನಲ್ಲೇ ಕಾಣುವಂತೆ ಏರ್ಪಾಡು ಇರುತ್ತದೆ. ಪಿಯುವಿನಲ್ಲಿ ಅದಿಲ್ಲ. ತಿರುಗಣೆ ತಿರುಗಿಸಿದರೆ ಗುರುತು ಸಹಿತವಾದ ಚೌಕಟ್ಟೇ ಸರಿಯುತ್ತದೆ, ಕಣ್ಣಿಗೂ ಹಾಗೇ ಕಾಣುತ್ತದೆ. 3.5 ಪಟ್ಟು ಹಿಗ್ಗಿಸುವ, 270 ಗ್ರಾಂ ತೂಗುವ, ಫೋಕಸ್ ಉಂಗುರವೂ ಇಲ್ಲದ ಸರಳ ಯಂತ್ರ. ಕಡಿಮೆ ಭಾಗ, ಕಡಿಮೆ ಕೇಡು. ನನ್ನ ಮೇಜಿಗೆ ಬರುವ ವಸ್ತುಗಳೆಲ್ಲ ಹೀಗೇ ಇದ್ದಿದ್ದರೆ ನನ್ನ ಅಂಗಡಿ ಮುಚ್ಚುತ್ತಿತ್ತು.

ಕೋವಿಮನೆ

ಮಸೂರ ಅವರು ಹೇಳಿದ್ದು ಸರಿ, ಮುಂದಿನದು ನನ್ನ ಪಾಲಿನದು. ಮೇಲಿನ ತಿರುಗಣೆಯಲ್ಲಿ 13ರವರೆಗೆ ಅಂಕಿ ಇರುತ್ತದೆ, ಅಂದರೆ 1300 ಮೀಟರ್. ಪಕ್ಕದ್ದು ಗಾಳಿಗೆ, ಎಡಕ್ಕೂ ಬಲಕ್ಕೂ ಹತ್ತು ಹತ್ತು. ಗುರುತು ನಡುವಿನಲ್ಲಿ ಇರುವಾಗಲೇ ಬಂದೂಕು ಗುರಿಗೆ ಹೊಡೆಯಬೇಕಾದರೆ ಹೊಂದಿಸಬೇಕಾದ್ದು ತಿರುಗಣೆಯಲ್ಲ, ಮೌಂಟ್. ಮುಂದೆ ಒಂದು ಉಕ್ಕಿನ ಗೋಳ, ಅದರ ಮೇಲೆ ಮೌಂಟ್ ಕೂತಿದೆ. ಹಿಂದೆ ಮೇಲೊಂದು ಕೆಳಗೊಂದು ಸಣ್ಣ ಸ್ಕ್ರೂ. ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿದರೆ ಇಡೀ ಸ್ಕೋಪ್ ತಕ್ಕಡಿಯ ದಂಡಿಗೆಯಂತೆ ಮೇಲೆ ಕೆಳಗೆ ಬಾಗುತ್ತದೆ. ಅಂದಿನ ಆರ್ಮರರ್ ಮಾಡುತ್ತಿದ್ದದ್ದು ಅದನ್ನೇ. ನೀವು ಈಗ ಮುಟ್ಟಬೇಡಿ. ಡಿಪೋದಲ್ಲಿ ಯಾರೋ ಬಿಗಿದಿಟ್ಟ ಜಾಗ ಅದು, ಒಮ್ಮೆ ಕಳೆದರೆ ಹುಡುಕಲು ಪೆಟ್ಟಿಗೆಗಟ್ಟಲೆ ತೋಟಾ ಬೇಕು.

ಇನ್ನು ನಳಿಗೆ. ಬೋಲ್ಟನ್ನು ಹಿಂದಕ್ಕೆ ಎಳೆದು, ಕುದುರೆಯನ್ನು (ಟ್ರಿಗರ್) ಒತ್ತಿಹಿಡಿದರೆ ಬೋಲ್ಟ್ ಹಾಗೇ ಹೊರಬರುತ್ತದೆ. ಹಿಂದಿನಿಂದ ಬಿಳಿ ಕಾಗದದ ಬೆಳಕು ಬಿಟ್ಟು ನೋಡಿ. ಗುಂಡನ್ನು ತಿರುಗಿಸಲೆಂದು ಒಳಗೆ ಕೊರೆದ ನಾಲ್ಕು ಗೀರು ಬಲಕ್ಕೆ ಸುತ್ತಿಕೊಂಡು ಹೋಗಬೇಕು, ಅಂಚುಗಳು ಚೂಪಾಗಿರಬೇಕು. ಕಪ್ಪು ಚುಕ್ಕೆಗಳು ಕಂಡರೆ ಉಪ್ಪಿನ ಕೆಲಸ. ಆ ಕಾಲದ ತೋಟಾಗಳ ಕಿಡಿಮದ್ದಿನಲ್ಲಿ ಪೊಟಾಸಿಯಂ ಕ್ಲೋರೇಟ್ ಇರುತ್ತದೆ. ಉರಿದ ಮೇಲೆ ನಳಿಗೆಯಲ್ಲಿ ಒಂದು ಬಗೆಯ ಉಪ್ಪು ಉಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿ ಹೇಗೆ ನೀರೊಡೆಯುತ್ತದೋ ಹಾಗೇ ಅದೂ ಗಾಳಿಯ ತೇವ ಹೀರುತ್ತದೆ. ಎಣ್ಣೆ ಅದನ್ನು ಕರಗಿಸುವುದಿಲ್ಲ, ನೀರು ಕರಗಿಸುತ್ತದೆ. 303 ಬಂದೂಕಿನ ಕಾಲದ ನಮ್ಮ ಹಿರಿಯರು ಗುಂಡು ಹೊಡೆದ ಸಂಜೆ ಲಾಳಿಕೆ ಇಟ್ಟು ನಳಿಗೆಗೆ ಕುದಿಯುವ ನೀರು ಸುರಿಯುತ್ತಿದ್ದರು. ಆಮೇಲೆ ನಳಿಗೆಯೊಳಗೆ ಎಳೆಯುವ ಹಗ್ಗಕ್ಕೆ (ಪುಲ್‌ಥ್ರೂ) ಚಿಂದಿ ಕಟ್ಟಿ ಒರೆಸಿ, ಒಣಗಿದ ಮೇಲೆ ಎಣ್ಣೆ. ನೀವೂ ಹಾಗೇ ಮಾಡಿ.

ಬಣ್ಣದ ಬುಗುರಿ (ಚನ್ನಪಟ್ಟಣ)

ಕುದಿಯುವ ನೀರು ಎಂದದ್ದು ಕೇಳಿ ಎದೆ ಧಸಕ್ಕೆಂದಿತು, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಗೊಂಬೆ ಮಾಡುವ ಮನೆತನ. ಆ ಕೆಂಪು ಹೊಳಪನ್ನು ಚಿತ್ರದಲ್ಲಿ ನೋಡಿದ ಕೂಡಲೇ ಗುರುತು ಹಿಡಿದೆ: ಅರಗು! ನಾವು ಹಾಲೆ ಮರದ ಮೇಲೆ ಅರಗಿನ ಕಡ್ಡಿ ಒತ್ತಿ ತಾಳೆಗರಿಯಲ್ಲಿ ಉಜ್ಜಿ ಬರಿಸುವ ಹೊಳಪಿನ ದೊಡ್ಡಪ್ಪನ ಮಗ ಅದು. ಅವರು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿದಿದ್ದಾರೆ, ಅಷ್ಟೇ ವ್ಯತ್ಯಾಸ.

ಅರಗಿಗೆ ಎರಡು ಶತ್ರು. ಸ್ಪಿರಿಟ್ ತಗುಲಿದರೆ ಕರಗುತ್ತದೆ. ಬಿಸಿನೀರು ಬಿದ್ದರೆ ಬೆಳ್ಳಗೆ ಮಚ್ಚೆ ಏಳುತ್ತದೆ, ಬಿಸಿ ಕಾಫಿ ಲೋಟ ಇಟ್ಟ ಟೀಪಾಯಿಯ ಮೇಲಿನ ಉಂಗುರದಂತೆ. ಆದ್ದರಿಂದ ಹವಾಲ್ದಾರ್ ಸಾಹೇಬರು ಹೇಳಿದ ನೀರು ಸುರಿಯುವಾಗ ನಳಿಗೆಯ ಬಾಯಿ ಕೆಳಗಿರಲಿ, ಹಿಂದಿನ ಮರಕ್ಕೆಲ್ಲ ದಪ್ಪ ಟವಲ್ ಸುತ್ತಿ. ಕಾಣದ ಮೂಲೆಯಲ್ಲಿ ಹತ್ತಿಯ ತುದಿಗೆ ಒಂದು ಹನಿ ಸ್ಪಿರಿಟ್ ಮುಟ್ಟಿಸಿ ನೋಡಿ. ಅಂಟಂಟಾದರೆ ಅರಗು ಖಚಿತ. ಅಷ್ಟಕ್ಕೇ ನಿಲ್ಲಿಸಿ, ಹೊಳಪು ಹೆಚ್ಚಿಸುತ್ತೇನೆಂದು ಹೊಸ ವಾರ್ನಿಷ್ ಬಳಿಯಬೇಡಿ. ಒಳಗಿನ ಮರ ಯಾವುದು?

ಮುದ್ರೆನೋಟ

ಹೆಚ್ಚಾಗಿ ಬರ್ಚ್. ರಷ್ಯನ್ನರು ‘ಬೆರ್ಯೋಜಾ’ ಎನ್ನುತ್ತಾರೆ. ನಮ್ಮ ಹಳೆಯ ಭೂರ್ಜಪತ್ರದ ಭೂರ್ಜವೂ ಅದೇ ಮರದ ಬಳಗ, ಪದವೂ ಅದೇ ಬೇರಿನದು. ಒಂದೇ ಜಾತಿಯ ಮರ ಒಂದು ಕಡೆ ಹಸ್ತಪ್ರತಿ ಆಯಿತು, ಇನ್ನೊಂದು ಕಡೆ ಬಂದೂಕಿನ ಬೆನ್ನಾಯಿತು.

ಬುಗುರಿಯವರು ವಾರ್ನಿಷ್ ಬೇಡವೆಂದದ್ದಕ್ಕೆ ಕೈಮುಗಿಯುತ್ತೇನೆ. ನಾಣ್ಯವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಫಳಫಳ ಮಾಡಿಕೊಂಡು ತಂದು ತೋರಿಸುವವರನ್ನು ಕಂಡು ಕಂಡು ಸಾಕಾಗಿದೆ.

ಸಂಗ್ರಹಕಾರಳಾಗಿ ಒಂದು ಮಾತು. ನಳಿಗೆಯ ಬಾಯಿಯಲ್ಲಿ ಒಳಗಿನ ಗೀರುಗಳು ತುದಿಯವರೆಗೆ ಬಂದಿವೆಯೇ, ಅಥವಾ ಒಂದಷ್ಟು ಒಳಗೆ ನಿಂತು ಅಲ್ಲಿಂದಾಚೆ ನುಣ್ಣಗೆ ಕೊರೆದಿದೆಯೇ? ಕೊರೆದಿದ್ದರೆ ಬೆಲೆ ಇಳಿಯುತ್ತದೆ.

ಕೋವಿಮನೆ

ಇಲ್ಲಿ ನನ್ನ ಒಪ್ಪಿಗೆ ಇಲ್ಲ, ತಂಗಿ. ಉಕ್ಕಿನ ಸಲಾಕೆಯನ್ನು ಬಾಯಿಯಿಂದ ತೂರಿಸಿ ಸಾವಿರ ಸಲ ಒರೆಸಿದರೆ ಬಾಯಿಯ ಗೀರು ಸವೆಯುತ್ತದೆ, ಗುಂಡು ಹೊರಬೀಳುವಾಗ ವಾಲುತ್ತದೆ. ಸವೆದ ಭಾಗವನ್ನು ಕೊರೆದು, ಗಟ್ಟಿ ಗೀರು ಇರುವಲ್ಲಿಂದ ಗುಂಡು ಬಿಡುಗಡೆಯಾಗುವಂತೆ ಮಾಡುವುದು ಆರ್ಮರರ್ ಮಾಡುವ ಉಪಕಾರ. ಅದು ಗಾಯವಲ್ಲ, ಹೊಲಿಗೆ. ನಿಮ್ಮ ಕಪಾಟಿನಲ್ಲಿ ಬೆಲೆ ಇಳಿಯಬಹುದು, ಗುಂಡು ಮಾತ್ರ ನೆಟ್ಟಗೆ ಹೋಗುತ್ತದೆ.

ಮುದ್ರೆನೋಟ

ಕಪಾಟಿನಲ್ಲಿ ಇಡುವವಳೇ ನಾನು, ಅಣ್ಣ. ಹಾಗಾಗಿ ಕಪಾಟಿನ ಮಾತೇ ಆಡುತ್ತೇನೆ.

ಸುಮ್ಮನೆ ಓದುವವಳು

ಇಷ್ಟು ದಿನ ಓದಿದೆ. ಮರ, ಗಾಜು, ಅರಗು ಎಲ್ಲ ಚೆನ್ನಾಗಿದೆ. ಆದರೆ ಆ ಗೂಟದ ತುದಿಯಲ್ಲಿ ಯಾವನೋ ಒಬ್ಬ ನಿಂತಿದ್ದನಲ್ಲವೇ? ಅದು ಯಾರಿಗೂ ನೆನಪಾಗುವುದಿಲ್ಲವೇ?

ಕೋವಿಮನೆ

ನೆನಪಾಗುತ್ತದೆ ತಾಯಿ. ಕೊಡಗಿನ ಆಯುಧಪೂಜೆಯಾದ ಕೈಲ್ ಪೊಳ್ದ್ ದಿನ ನಮ್ಮ ಮನೆಯ ಜೋಡುನಳಿಗೆ ಕೋವಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಕೈಮುಗಿಯುತ್ತೇವೆ. ನಮ್ಮಜ್ಜಿ ಪ್ರತಿ ವರ್ಷ ಆ ಹೊತ್ತಿಗೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅವರ ಅಣ್ಣ ಬರ್ಮಾದಿಂದ ಹಿಂತಿರುಗಿರಲಿಲ್ಲ. ಯಾರೂ ಅವರನ್ನು ಕರೆಯುತ್ತಿರಲಿಲ್ಲ, ಅವರೂ ಪೂಜೆ ನಿಲ್ಲಿಸಿ ಎನ್ನುತ್ತಿರಲಿಲ್ಲ.

ತುಕ್ಕುಪುರಾಣದವರೇ, ಕೊನೆಯದಾಗಿ ಎರಡು ಪರೀಕ್ಷೆ ಬಾಕಿ. ಹೆಡ್‌ಸ್ಪೇಸ್, ಅಂದರೆ ಮುಚ್ಚಿದ ಬೋಲ್ಟಿನ ಮುಂದೆ ತೋಟಾ ಕೂರುವ ಜಾಗದ ಅಳತೆಯನ್ನು ಅಲ್ಲಿನ ಬಂದೂಕು ಮೇಸ್ತ್ರಿಯಿಂದ ಗೇಜ್ ಹಾಕಿಸಿ ನೋಡಿ, ಅಂದಾಜು ಬೇಡ. ಇನ್ನೊಂದು, ತೋಟಾದ ಬುಡಕ್ಕೆ ಕುಟ್ಟುವ ಫೈರಿಂಗ್ ಪಿನ್. ಅಜ್ಜನ ಬಳಿ ಮೊಸಿನ್‌ನ ಚಪ್ಪಟೆ ಸ್ಕ್ರೂಡ್ರೈವರ್ ಇದ್ದಿರಲೇಬೇಕು. ಅದರ ಅಂಚಿನಲ್ಲಿ 75 ಮತ್ತು 95 ಎಂದು ಗುರುತಿರುವ ಎರಡು ಕಚ್ಚು ಇರುತ್ತವೆ, ಇಂಚಿನ ಸಾವಿರದ ಲೆಕ್ಕ. ಬೋಲ್ಟ್ ಹೊರತೆಗೆದು, ಪಿನ್ ಮುಂದೆ ಚಾಚಿರುವಾಗ ಅದರ ಮೇಲೆ ಕಚ್ಚನ್ನು ಹಾಯಿಸಿ. 75ಕ್ಕೆ ಪಿನ್ ತಗುಲಬೇಕು, 95ಕ್ಕೆ ತಗುಲಬಾರದು. 75ಕ್ಕೂ ತಗುಲದಿದ್ದರೆ ಪಿನ್ ಮೋಟು, ತೋಟಾ ಹಾರದು. 95ಕ್ಕೂ ತಗುಲಿದರೆ ಪಿನ್ ಉದ್ದ, ಕಿಡಿಮದ್ದಿನ ಬಟ್ಟಲು ತೂತಾಗಿ ಬಿಸಿಗಾಳಿ ನಿಮ್ಮ ಮುಖದ ಕಡೆಗೆ ಬರುತ್ತದೆ.

ತುಕ್ಕುಪುರಾಣ

ನಾಲ್ಕು ದಿನ ಬರೆಯಲಾಗಲಿಲ್ಲ. ವರದಿ ಒಪ್ಪಿಸುತ್ತೇನೆ.

ಮೌಂಟಿನ ಸ್ಕ್ರೂಗಳ ಸೀಳಿನಲ್ಲಿ ಹಳೆಯ ಗ್ರೀಸ್ ಗಟ್ಟಿಯಾಗಿ ಕೂತಿದೆ, ಗೀರಿಲ್ಲ. ಮರದ ಕಚ್ಚಿನ ಒಳಗೂ ಅದೇ ಕೆಂಪು ಅರಗು ಹರಿದು ಒಂದು ಹನಿ ಕಣ್ಣೀರಿನಂತೆ ನಿಂತಿದೆ. ಸ್ಪಿರಿಟ್ ಮುಟ್ಟಿಸಿದೆ, ಅಂಟಿತು. ಬೋಲ್ಟಿನ ಹಿಡಿಯಲ್ಲಿ ಬೆಸುಗೆ ಕೈಗೆ ಸಿಗಲಿಲ್ಲ. ನಳಿಗೆಯ ಬಾಯಿ ಕೊರೆದಿದೆ. ಅಕ್ಕನಿಗೆ ಬೇಸರ, ಕೋವಿಮನೆ ಸರ್ ಅವರಿಗೆ ಸಂತೋಷ. ಗೀರುಗಳ ನಡುವೆ ಕಪ್ಪು ಚುಕ್ಕೆ ಅಲ್ಲಲ್ಲಿ ಇವೆ. ಬಂದೂಕು ಮೇಸ್ತ್ರಿ ಗೇಜ್ ಹಾಕಿ ಸರಿಯಿದೆ ಎಂದರು.

ಚಪ್ಪಟೆ ಸ್ಕ್ರೂಡ್ರೈವರ್ ಗ್ಯಾರೇಜಿನಲ್ಲಿ ಎಲ್ಲೂ ಸಿಗಲಿಲ್ಲ. ಅಜ್ಜಿಯನ್ನು ಕೇಳಿದರೆ ಅಡುಗೆಮನೆಗೆ ಹೋಗಿ, ಚಮಚಗಳ ಡ್ರಾಯರಿನಿಂದ ತೆಗೆದುಕೊಟ್ಟರು. ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಲು ಇಪ್ಪತ್ತು ವರ್ಷದಿಂದ ಅದನ್ನೇ ಬಳಸುತ್ತಿದ್ದರಂತೆ. ಅಜ್ಜ ಹುಡುಕಿ ಹುಡುಕಿ ಸೋತಿದ್ದರಂತೆ. ಹೇಳುವಾಗ ನಕ್ಕರು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದರು.

75ಕ್ಕೆ ತಗುಲಿತು. 95ಕ್ಕೆ ತಗುಲಲಿಲ್ಲ.

ಅಕ್ಕಾ, ಈಗ ನೀವೇ ಹೇಳಬೇಕು. ಒಂಬೈನೂರಕ್ಕೆ ತೆಗೆದುಕೊಂಡರೆ ಅಜ್ಜಿಗೆ ಮೋಸವಾಗುತ್ತದೆಯೇ?

ಮುದ್ರೆನೋಟ

ಆಗುತ್ತದೆ. ಡಿಪೋದಲ್ಲಿ ದುರಸ್ತಿಯಾದ, ಬಾಯಿ ಕೊರೆದ, ಆದರೆ ಅಸಲಿ ಪಿಯು ಅದು. ಇಲ್ಲಿನ ಹರಾಜುಗಳಲ್ಲಿ ಇಂಥದ್ದಕ್ಕೆ ಅದರ ದುಪ್ಪಟ್ಟಿನ ಆಸುಪಾಸು ಕೊಡುವವರಿದ್ದಾರೆ. ಹಾಗೆಂದು ಅವರಿಗೆ ಹೇಳು.

ತುಕ್ಕುಪುರಾಣ

ಹೇಳಿದೆ. ಒಂದು ಸಾವಿರದ ಐನೂರಕ್ಕೆ ಒಪ್ಪಿದರು, ಅದಕ್ಕಿಂತ ಮೇಲೆ ಏರಲು ಬಿಡಲಿಲ್ಲ. ಶನಿವಾರ ಪರವಾನಗಿ ಇರುವ ಅಂಗಡಿಯಲ್ಲಿ ಕಾಗದಪತ್ರ. ಸ್ಕ್ರೂಡ್ರೈವರ್ ಮಾತ್ರ ಕೊಡುವುದಿಲ್ಲವಂತೆ, ಬಣ್ಣದ ಡಬ್ಬಿಗೆ ಬೇಕಂತೆ.

ಕೋವಿಮನೆ

ಬೇಕಾದಾಗ ಹೋಗಿ ಕೇಳಿ ಪಡೆಯಿರಿ. ಮೌಂಟಿನ ಸ್ಕ್ರೂ ಮುಟ್ಟಬೇಡಿ.